ಹಲ್ಲಿಯ ಹಗ್ಗ

ಗಾಳಿಗೆ ಚರ್ಚಿನ ಗೋಪುರದ ಕಬ್ಬಿಣದ ಶಿಲುಬೆ ವಾಲಿತ್ತು. ವಾಲಿದ್ದು ನೇರ ಮುಖ್ಯ ಬಾಗಿಲಿನ ಮೇಲಕ್ಕೆ. ಜನ ತಲೆ ಎತ್ತಿ ನೋಡುತ್ತ ಪಕ್ಕದ ಸಣ್ಣ ಬಾಗಿಲಿನಿಂದ ಒಳಗೆ ಬರತೊಡಗಿದರು.

ಅಷ್ಟು ಎತ್ತರ ಹತ್ತಬಲ್ಲವನು ನಮ್ಮಲ್ಲಿ ಒಬ್ಬನೇ, ಹಲ್ಲಿ. ಗೋಡೆಗೆ ಅಂಟಿಕೊಂಡು ಬಣ್ಣ ಹೊಡೆಯುತ್ತಾನೆಂದು ಆ ಹೆಸರಿಟ್ಟವನು ನನ್ನ ಗಂಡ. ಇಬ್ಬರೂ ಜೊತೆಗಾರರು. ಎತ್ತರದ ಕಟ್ಟಡಗಳಲ್ಲಿ ಒಬ್ಬ ಹಗ್ಗಕ್ಕೆ ತೂಗುತ್ತಾನೆ, ಇನ್ನೊಬ್ಬ ಕೆಳಗೆ ನಿಂತು ಹಗ್ಗ ಹಿಡಿಯುತ್ತಾನೆ. ಕಂಬಕ್ಕೆ ಒಂದು ಸುತ್ತು ಹಾಕಿ, ಎರಡೂ ಕೈಯಿಂದ ಸ್ವಲ್ಪ ಸ್ವಲ್ಪವೇ ಬಿಡುತ್ತ ಮೇಲಿನವನನ್ನು ಇಳಿಸಬೇಕು. ಒಂದು ಕೈ ಸಾಲದು.

ಕಳೆದ ವರ್ಷ ನನ್ನ ಗಂಡನನ್ನು ಊಟಕ್ಕೆಂದು ಇಳಿಸುತ್ತಿದ್ದಾಗ ಮಧ್ಯಾಹ್ನದ ಪ್ರಾರ್ಥನೆಯ ಗಂಟೆ ಹೊಡೆಯಿತು. ಹಲ್ಲಿಯ ಬಲಗೈ ಹಗ್ಗ ಬಿಟ್ಟು ಹಣೆಗೆ ಹೋಯಿತು, ಶಿಲುಬೆ ಗುರುತು ಹಾಕಿಕೊಳ್ಳಲು. ನನ್ನ ಗಂಡ ಬಿದ್ದು ಸತ್ತ ಮೇಲೆ ಹಲ್ಲಿ ಹೇಳಿದ್ದು ಹಾಗೆ. ಎಲ್ಲರೂ ನಂಬಿದರು. ನಾನು ನಂಬಲಿಲ್ಲ. ಒಬ್ಬನ ಜೀವ ಕೈಯಲ್ಲಿರುವಾಗ ಕೈ ತಾನಾಗಿ ಏಳುತ್ತದೆಯೇ? ಮೊಬೈಲ್ ನೋಡಿರಬೇಕು. ಆಮೇಲೆ ದೇವರನ್ನು ಅಡ್ಡ ಹಿಡಿದ.

ಅಂದಿನಿಂದ ಅವನನ್ನು ಯಾರೂ ಕೆಲಸಕ್ಕೆ ಕರೆದಿರಲಿಲ್ಲ. ಭಾನುವಾರ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತು, ಬಲಿಪೂಜೆ ಮುಗಿಯುವ ಮೊದಲೇ ಎದ್ದು ಹೋಗುತ್ತಿದ್ದ.

ಫಾದರ್ ನಮ್ಮ ಮನೆಗೆ ಬಂದರು. ಟೀ ಕುಡಿಯದೆ ಕಪ್ಪು ತಿರುಗಿಸುತ್ತ ಕೂತರು.

"ಹತ್ತೋಕೆ ಒಪ್ಪಿದ್ದಾನಮ್ಮ. ಹಗ್ಗ ಹಿಡಿಯೋರೇ ಇಲ್ಲ. ಕೆಲಸ ಗೊತ್ತಿರೋರು ಅವನ ಹಗ್ಗ ಮುಟ್ಟಲ್ಲ ಅಂತಾರೆ. ಉಳಿದೋರಿಗೆ ಕೆಲಸ ಗೊತ್ತಿಲ್ಲ."

"ನೀವೇ ಹಿಡೀರಿ ಫಾದರ್," ಅಂದರು ನನ್ನ ಅತ್ತೆ. "ವಾರ ವಾರ ನಮ್ಮನ್ನೆಲ್ಲ ಮೇಲಕ್ಕೆ ಎಳೀತೀರಲ್ಲ."

ಫಾದರ್ ನಕ್ಕು ಕೈ ಚಾಚಿ ತೋರಿಸಿದರು. ವಯಸ್ಸಿಗೆ ಬೆರಳು ನಡುಗುತ್ತಿದ್ದವು.

"ನಾನು ಹಿಡೀತೀನಿ," ಅಂದೆ.

ಮದುವೆಯಾದ ಹೊಸತರಲ್ಲಿ ಗಂಡ ಈ ಮನೆಗೆ ಬಣ್ಣ ಹೊಡೆದಾಗ ಹಗ್ಗ ಹಿಡಿದವಳು ನಾನೇ. ನೀನು ಯೂನಿವರ್ಸಿಟಿಯಲ್ಲಿ ಓದಿದ್ದು ಇದಕ್ಕಾದರೂ ಬಂತಲ್ಲ ಎಂದು ಮೇಲಿನಿಂದ ರೇಗಿಸುತ್ತಿದ್ದ. ಆ ಕೆಲಸ ನನಗೆ ಬರುತ್ತಿತ್ತು. ಆದರೆ ಅಷ್ಟು ಬೇಗ ಒಪ್ಪಿಕೊಂಡದ್ದಕ್ಕೆ ನನಗೇ ಭಯವಾಯಿತು. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು.

ಕೆಲಸಕ್ಕೆ ಗೊತ್ತುಮಾಡಿದ್ದ ಶನಿವಾರದವರೆಗೂ ನನ್ನ ಕೈಗಳನ್ನು ಕಾಯುತ್ತಿದ್ದೆ. ತರಕಾರಿ ಹೆಚ್ಚುವಾಗ, ಬಟ್ಟೆ ಹಿಂಡುವಾಗ ಅವು ಯಾರವೋ ಎನಿಸುತ್ತಿತ್ತು. ಸಂಜೆಯ ಪ್ರಾರ್ಥನೆಯಲ್ಲಿ, ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುತ್ತೇವೆ ಎಂಬ ಸಾಲು ಬಂದಾಗ ನನ್ನ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಅತ್ತೆ ಆ ಸಾಲನ್ನು ಒಬ್ಬರೇ ಹೇಳಿ ಮುಗಿಸುತ್ತಿದ್ದರು.

ಶನಿವಾರ ಬೆಳಿಗ್ಗೆ ಫಾದರ್ ಗೋಪುರದ ಗಂಟೆಯ ಸ್ವಿಚ್ ತಾವೇ ಆರಿಸಿದರು. ಹಲ್ಲಿ ಸೊಂಟಕ್ಕೆ ಪಟ್ಟಿ ಬಿಗಿದು ನನ್ನೆದುರು ಬಂದು ನಿಂತ. ಮುಖ ನೋಡಲಿಲ್ಲ. ಕೈಗವಸು ಚಾಚಿದ.

"ಅತ್ತಿಗೆ, ಇದು ಹಾಕ್ಕೊಳ್ಳಿ."

"ಬೇಡ. ಹಾಗೆ ಕರೀಲೂಬೇಡ."

"ಸರಿ." ಕೈಗವಸನ್ನು ಜೇಬಿಗಿಟ್ಟ. "ಆಗಲ್ಲ ಅಂದ್ರೆ ಈಗ್ಲೇ ಹೇಳಿ. ನಾನೇನೂ ಅಂದ್ಕೊಳ್ಳಲ್ಲ."

"ಹತ್ತು."

ಅತ್ತೆ ಸ್ಟೂಲ್ ತಂದು ನನ್ನ ಬೆನ್ನ ಹಿಂದೆ ಹಾಕಿಕೊಂಡು ಕೂತರು.

"ಮನೆಗೆ ಹೋಗಿ ಅತ್ತೆ. ಬಿಸಿಲು."

"ಬಿಸಿಲೇನು ನಿಮ್ಮಪ್ಪಂದಾ? ನಾನು ಕೂತ್ಕೋತೀನಿ. ನೀನು ಮುಂದೆ ನೋಡು."

ಅವನು ಒಳಗಿನ ಮೆಟ್ಟಿಲಿನಿಂದ ಗೋಪುರದ ತಲೆಗೆ ಹೋಗಿ, ರಾಟೆ ಕಟ್ಟಿ, ಹಗ್ಗದ ಒಂದು ತುದಿಯನ್ನು ಸೊಂಟದ ಪಟ್ಟಿಗೆ ಬಿಗಿದು ಇನ್ನೊಂದನ್ನು ಇಳಿಬಿಟ್ಟ. ಅದನ್ನು ಅಂಗಳದ ದೀಪದ ಕಂಬಕ್ಕೆ ಸುತ್ತಿ ಹಿಡಿದೆ. ಶಿಲುಬೆ ನೇರವಾಯಿತು. ಬೋಲ್ಟು ಬಿಗಿಯುವ ಸದ್ದು ಕೇಳಿತು. ಇನ್ನು ಅವನು ಹೊರಗೋಡೆಯಲ್ಲಿ ಸಡಿಲವಾದ ಕಲ್ಲುಗಳನ್ನು ಬಡಿದು ನೋಡುತ್ತ ಹಗ್ಗದಲ್ಲೇ ಇಳಿಯಬೇಕು.

ಅಂಚಿನಿಂದ ಕಾಲು ತೆಗೆದ. ಅವನ ತೂಕವೆಲ್ಲ ನನ್ನ ಅಂಗೈಗೆ ಬಂತು.

ಇಷ್ಟೇ ತೂಕ. ನನ್ನ ಗಂಡನದೂ ಇಷ್ಟೇ ಇದ್ದಿರಬೇಕು. ಬಿಟ್ಟರೆ? ಬೆವರಿಗೆ ಜಾರಿತು ಅನ್ನಬಹುದು. ಯಾರೂ ಬೈಯುವುದಿಲ್ಲ, ಪಾಪ ಅನ್ನುತ್ತಾರೆ. ಆ ಯೋಚನೆ ತಣ್ಣಗಿತ್ತು. ಹಗ್ಗವನ್ನು ಉಗುರು ಬೆಳ್ಳಗಾಗುವಷ್ಟು ಬಿಗಿಹಿಡಿದೆ. ನಾನು ಬಿಡದ ಹಾಗೆ ನೋಡಿಕೋ, ಎಂದು ಕೇಳಿದೆ. ಗಂಡ ಹೋದ ಮೇಲೆ ದೇವರ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಒಂದು ಗೇಣು ಬಿಟ್ಟೆ. ಹಿಡಿದೆ. ಇನ್ನೊಂದು ಗೇಣು. ಮೇಲಿನಿಂದ ಸುತ್ತಿಗೆಯ ಸದ್ದು ಟಕ್ ಟಕ್ ಎಂದು ಇಳಿಯುತ್ತ ಬಂತು. ಅರ್ಧ ಗೋಡೆ ಮುಗಿಯಿತು.

ಚರ್ಚಿನ ಹಿಂದಿರುವ ಕಾನ್ವೆಂಟಿನಲ್ಲಿ ಮಧ್ಯಾಹ್ನದ ಪ್ರಾರ್ಥನೆಯ ಚಿಕ್ಕ ಗಂಟೆ ಹೊಡೆಯಿತು. ಅದನ್ನು ನಿಲ್ಲಿಸಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ನನ್ನ ಬಲಗೈ ಹಣೆಯ ಮೇಲಿತ್ತು.

ಅದು ಎದ್ದದ್ದು ನನಗೆ ಗೊತ್ತಿಲ್ಲ. ಎಡಗೈಯೊಳಗೆ ಹಗ್ಗ ಬೆಂಕಿಯ ಹಾಗೆ ಓಡಿತು. ಮೇಲೆ ಅವನು ಕೂಗಲಿಲ್ಲ. ಉಸಿರು ಎಳೆದುಕೊಂಡ ಸದ್ದಷ್ಟೇ ಬಂತು. ಹಗ್ಗ ಧಡಕ್ಕನೆ ನಿಂತಿತು.

ತಿರುಗಿ ನೋಡಿದೆ. ಸ್ಟೂಲ್ ಉರುಳಿತ್ತು. ಅತ್ತೆ ನೆಲದ ಮೇಲಿದ್ದರು. ಹಗ್ಗದ ತುದಿ ಅವರ ಸೊಂಟಕ್ಕೆ ಸುತ್ತಿ ಗಂಟು ಹಾಕಿತ್ತು. ಎರಡೂ ಪಾದಗಳನ್ನು ಕಂಬದ ಬುಡಕ್ಕೆ ಒತ್ತಿ ಹಿಡಿದಿದ್ದರು.

"ಗರ ಬಡಿದೋಳ ಹಾಗೆ ನಿಂತಿದ್ದೀಯಲ್ಲೇ, ಹಿಡಿ! ನನ್ನ ಸೊಂಟ ಏನು ಕಬ್ಬಿಣದ್ದಾ?"

ಹಿಡಿದೆ. ಫಾದರ್ ಓಡಿಬಂದು ನಡುಗುವ ಕೈಗಳಿಂದಲೇ ಹಿಡಿದರು. ಮೂವರೂ ಸೇರಿ ಅವನನ್ನು ಇಳಿಸಿದೆವು.

ಕಾಲು ನೆಲಕ್ಕೆ ತಾಗಿದ್ದೇ ಅವನು ಅಲ್ಲೇ ಕೂತುಬಿಟ್ಟ. ಅವನೂ ಗಂಟೆ ಕೇಳಿದ್ದ.

"ಕೈ ತಾನಾಗೇ..." ಅಂದೆ.

"ಗೊತ್ತು ಅತ್ತಿಗೆ," ಅಂದ.

ಈ ಸಲ ಹಾಗೆ ಕರೆಯಬೇಡ ಅನ್ನಲಿಲ್ಲ. ಅತ್ತೆಯ ಸೊಂಟದ ಗಂಟು ಬಿಚ್ಚಲು ಬಗ್ಗಿದೆ. ನನ್ನ ಅಂಗೈಯ ರಕ್ತ ಅವರ ಸೀರೆಗೆ ಹತ್ತಿತು.

"ಯಾಕೆ ಕಟ್ಕೊಂಡ್ರಿ?"

"ಅವತ್ತು ನೀನು ಹಿಡೀತೀನಿ ಅಂದಾಗ ನಿನ್ನ ಮುಖ ನೋಡ್ದೆ. ಹೆದರಿಕೆ ಆಯ್ತು."

"ನನ್ನನ್ನ ನಂಬಲಿಲ್ಲ ನೀವು."

"ನಂಬಿಕೆ ಬೇರೆ, ಹಗ್ಗ ಬೇರೆ." ಸೆರಗಿನ ಧೂಳು ಕೊಡವಿದರು. "ನನ್ನ ಮಗ ಬಿದ್ದ ದಿನ ಇವನ ಹಿಂದೆ ಯಾರೂ ಕೂತಿರಲಿಲ್ಲ ಕಣೇ."

ಅವನು ತಲೆ ತಗ್ಗಿಸಿ ಅಳತೊಡಗಿದ. ಅತ್ತೆ ಅವನತ್ತ ಕೈ ಚಾಚಿದರು.

"ಏಯ್ ಹಲ್ಲಿ, ಅಳೋದು ಆಮೇಲೆ. ಮೊದಲು ನನ್ನನ್ನ ಎಬ್ಬಿಸು."

ಅವನು ಎದ್ದು ಅವರಿಗೆ ಕೈ ಕೊಟ್ಟ. ಹಿಂದಿನ ಗೋಡೆಯ ಕಲ್ಲುಗಳನ್ನು ಇನ್ನೂ ನೋಡಬೇಕಿತ್ತು. ಸೋಮವಾರ ಎಂದು ಫಾದರ್ ಹೇಳಿದರು. ಯಾರು ಹಿಡಿಯುತ್ತಾರೆಂದು ಯಾರೂ ಕೇಳಲಿಲ್ಲ. ಹಲ್ಲಿ ಮತ್ತೆ ಕೈಗವಸು ಚಾಚಿದ. ತೆಗೆದುಕೊಂಡೆ. ನನ್ನ ಭಯ ಹೋಗಿರಲಿಲ್ಲ.

"ಅತ್ತೆ," ಅಂದೆ, "ಸೋಮವಾರಾನೂ ಸ್ಟೂಲ್ ತನ್ನಿ."