ಖಾಲಿ ಚಿತ್ರ

ಒಳಗೆ ಇಣುಕದೆ ಒಳಗನ್ನು ನೋಡುವುದೇ ಅವಳ ಕೆಲಸ. ಅನಿಲವನ್ನೂ ದ್ರವವನ್ನೂ ಬೇರ್ಪಡಿಸುವ ಟ್ಯಾಂಕಿಗೆ ಎದೆಯೆತ್ತರದಲ್ಲಿ ಸೆನ್ಸರ್ ಪಟ್ಟಿ ಬಿಗಿದಿದ್ದಳು. ಅಡ್ಡ ಕೊಯ್ದ ಹಣ್ಣಿನ ಹಾಗೆ ಟ್ಯಾಂಕಿನ ಒಳಗು ಪರದೆಯಲ್ಲಿ ಕಾಣುತ್ತಿತ್ತು. ದ್ರವ ನೀಲಿ, ಅನಿಲ ಬಿಳಿ. ಇದಕ್ಕೆ ಮೊದಲು ಖಾಲಿ ಟ್ಯಾಂಕಿನ ಚಿತ್ರ ತೆಗೆದಿಟ್ಟು, ಮುಂದಿನ ಪ್ರತಿ ಚಿತ್ರದಿಂದಲೂ ಅದನ್ನು ಕಳೆಯಬೇಕು; ಆಗ ಉಳಿಯುವುದು ಒಳಗೆ ತುಂಬಿದ್ದು ಮಾತ್ರ. ಅವಳು ಎಡವಿದ್ದು ಅಲ್ಲೇ. ಟ್ಯಾಂಕ್ ತೊಳೆಯುತ್ತಿದ್ದ ಅವಳ ಅಣ್ಣ ಇನ್ನೂ ಒಳಗಿರುವಾಗ, ಕೂಗಿ ನೋಡದೆ, ಚಿತ್ರ ತೆಗೆಯುವ ಗುಂಡಿ ಒತ್ತಿಬಿಟ್ಟಿದ್ದಳು.

“ನಾನು ಒಳಗಿದ್ರೂ ಖಾಲಿ ಅಂದ್ಬಿಟ್ಯಲ್ಲೇ,” ಎಂದು ಅಣ್ಣ ಹೊರಬಂದು ನಕ್ಕಿದ್ದ.

ಮತ್ತೆ ತೆಗೆಯಲು ಯಾರಿಗೂ ಪುರುಸೊತ್ತಿರಲಿಲ್ಲ. ಅಂದಿನಿಂದ ಎಷ್ಟೇ ದ್ರವ ತುಂಬಿದರೂ ನೀಲಿಯ ನಟ್ಟನಡುವೆ ಭುಜದಗಲದ ಬಿಳಿ ಮಚ್ಚೆಯೊಂದು ಉಳಿಯುತ್ತಿತ್ತು. ಪ್ರತಿ ಸಲ ಕಳೆಯುತ್ತಿದ್ದದ್ದು ಅವನನ್ನೇ ತಾನೆ. ಕಳೆದ ಚಳಿಗಾಲ ಅಣ್ಣ ಜ್ವರ ಬಂದು ತೀರಿಕೊಂಡ. ಮಚ್ಚೆ ಮಾತ್ರ ಕದಲಲಿಲ್ಲ. ಅವಳು ಊಟದ ಡಬ್ಬಿಯನ್ನು ಪರದೆಯ ಮುಂದೆಯೇ ಬಿಚ್ಚತೊಡಗಿದಳು.

“ಆ ಮಚ್ಚೆ ನೋಡಿ ನೋಡಿ ಸಾಕಾಗಿದೆ. ಟ್ಯಾಂಕ್ ಬರಿದು ಮಾಡ್ಸಿದೀನಿ, ಹೊಸ ಚಿತ್ರ ತೆಗೀರಿ,” ಎಂದರು ಮೇಲಧಿಕಾರಿ ಒಂದು ಬೆಳಿಗ್ಗೆ.

ಅವಳು ಟ್ಯಾಂಕಿನ ಬಾಗಿಲಿಗೆ ಮುಖವಿಟ್ಟು, ಅಂದು ಕೂಗದೆ ಬಿಟ್ಟದ್ದನ್ನು ಕೂಗಿದಳು. “ಅಣ್ಣಾ, ಹೊರಗೆ ಬಾ.” ಅವಳ ದನಿಯೇ ಮರಳಿ ಬಂತು. ಮೇಲಧಿಕಾರಿ ಗಡಿಯಾರ ನೋಡಿಕೊಂಡರು. ಅವಳು ಬಾಗಿಲು ಮುಚ್ಚಿ ಗುಂಡಿ ಒತ್ತಿದಳು.

ಮಧ್ಯಾಹ್ನ ದ್ರವ ತುಂಬಿತು. ನಡುವಿನ ಮಚ್ಚೆ ಅಲ್ಲಿರಲಿಲ್ಲ. ಅದು ಬಾಗಿಲ ಪಕ್ಕ, ಗೋಡೆಗೆ ಒತ್ತಿಕೊಂಡು ನಿಂತಿತ್ತು.

ಕರೆದ ಕೂಡಲೇ ಹೊರಟಿದ್ದಾನೆ. ಈ ಸಲವೂ ಅವಳೇ ಕಾಯಲಿಲ್ಲ.