ತೊಳೆಯದ ತಟ್ಟೆ

ಮಗಳು ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ, ಕೆಲಸದ ಮೇಜಿನ ಮುಂದೆಯೇ ಕುಸಿದು ತೀರಿಕೊಂಡಳು. ಹಿಂದಿನ ದಿನ ನಮ್ಮಿಬ್ಬರಿಗೂ ಜಗಳವಾಗಿತ್ತು. ಕೊನೆಗೆ ನನಗೇ ಏನೋ ಬರೆಯುತ್ತಿದ್ದಳಂತೆ. ಅದನ್ನು ಉಳಿಸಿಡುವ ಮೊದಲೇ ಪ್ರಾಣ ಹೋಯಿತು.

ಕೆಲವು ದಿನಗಳ ಮೇಲೆ ಅವಳ ಜೊತೆಯಲ್ಲಿ ಕೆಲಸ ಮಾಡುತ್ತಿದ್ದವನು ನನ್ನನ್ನು ಅಲ್ಲಿಗೆ ಕರೆಸಿದ. ರಾತ್ರಿಪಾಳಿಯವನಾದ್ದರಿಂದ ಮಗಳು ಅವನನ್ನು ಗೂಬೆ ಎನ್ನುತ್ತಿದ್ದಳು. ಅವನು ಬರುವ ತನಕ ಹೊರಗಿನ ಬೆಂಚಿನಲ್ಲಿ ಕುಳಿತೆ. ಪಕ್ಕದ ಹೆಂಗಸು ಚೀಲ ಸರಿಸಿ ಜಾಗ ಕೊಟ್ಟಳು. ಒಳಗೆ ದಾಖಲಾಗಿದ್ದ ತನ್ನ ಮಗಳ ಹೆಸರು ಹೇಳಿ, "ಬರೀ ನಿಶ್ಶಕ್ತಿ ಅಷ್ಟೆ, ಔಷಧಿ ಕೊಟ್ರೆ ಸರಿಹೋಗುತ್ತೆ" ಎಂದಳು.

ಒಳಗೆ ಗೂಬೆ ಬಿಡಿಸಿ ಹೇಳಿದ: "ಅಮ್ಮಾ, ಆಪರೇಟಿಂಗ್ ಸಿಸ್ಟಮ್ ಒಳಗೆ ಕರ್ನೆಲ್ ಅಂತಿರುತ್ತೆ. ಅಡುಗೆಮನೆ ಯಜಮಾನಿ ಇದ್ದ ಹಾಗೆ. ಒಬ್ಬರು ಉಂಡ ತಟ್ಟೆ ತೊಳೆದು ಇನ್ನೊಬ್ಬರಿಗೆ ಕೊಡ್ಬೇಕು. ಇದು ತೊಳೆಯದೇ ಕೊಡ್ತಿದೆ. ಹಿಂದಿನವರು ಬರೆದ ಚೂರುಪಾರು ಮುಂದಿನವರಿಗೆ ಕಾಣುತ್ತೆ."

"ತೊಳೆಯದ ನಿನ್ನ ಊಟದ ಡಬ್ಬಿ ಹಾಗೆ. ಅವಳು ಹೇಳ್ತಿದ್ಲು."

ಅವನು ನಗಲು ಹೋಗಿ ತಲೆ ತಗ್ಗಿಸಿದ. "ಅವಳದ್ದೂ ಒಂದು ಚೂರು ಸಿಕ್ತು."

ಪರದೆಯ ಮೇಲಿತ್ತು: ಅಮ್ಮ, ನಿನ್ನೆ ನೀನಂದ ಮಾತನ್ನು ನಾನು

"ಮುಂದೆ?"

"ಮೆಮೊರಿಯಲ್ಲಿ ಎಲ್ಲೋ ಇರ್ಬಹುದು. ದೋಷ ಸರಿಮಾಡೋಕೆ ಪ್ಯಾಚ್ ಬಂದಿದೆ. ಹಾಕಿದ್ರೆ ಮೆಷಿನ್ ಆಫ್ ಮಾಡಿ ಆನ್ ಮಾಡ್ಬೇಕು. ಆಮೇಲೆ ಏನೂ ಉಳಿಯಲ್ಲ. ನಿಮಗೋಸ್ಕರ ತಡೆದಿದ್ದೀನಿ."

"ಹುಡುಕಪ್ಪಾ."

ಅವನು ಹುಡುಕಿದ. ನಾನಂದ ಮಾತನ್ನು ಮಗಳು ಮರೆತಳೋ, ಮನಸ್ಸಿನಲ್ಲಿಟ್ಟುಕೊಂಡೇ ಹೋದಳೋ, ಅಷ್ಟನ್ನು ತಿಳಿಸು ತಂದೆ ಎಂದು ದೇವರನ್ನು ಬೇಡುತ್ತ ಕುಳಿತೆ. ಯಾರದೋ ಪಾಸ್‌ವರ್ಡ್ ಬಂತು, ಯಾರದೋ ವಿಳಾಸ ಬಂತು. ಅವನು ಕೈ ಅಡ್ಡ ಹಿಡಿಯುವಷ್ಟರಲ್ಲಿ ಒಂದು ಸಾಲು ಓದಿಬಿಟ್ಟೆ: ಗಡ್ಡೆ ಹರಡಿದೆ, ತಾಯಿಗೆ ಇನ್ನೂ ತಿಳಿಸಿಲ್ಲ. ಅದರ ಮೇಲಿದ್ದದ್ದು ಬೆಂಚಿನಲ್ಲಿ ಕೇಳಿದ ಹೆಸರು.

ನನ್ನಂತೆ ಇನ್ನೆಷ್ಟು ಜನರ ಕಣ್ಣಿಗೆ ಇದು ಬೀಳುತ್ತಿದೆಯೋ.

"ಇನ್ನೂ ಸ್ವಲ್ಪ ನೋಡೋಣ, ಅಮ್ಮಾ. ಅವಳದ್ದು ಸಿಗ್ಬಹುದು."

"ಬೇಡ. ತೊಳೆದುಬಿಡು."

ಅವನು ನನ್ನತ್ತ ತಿರುಗಿದ. ನಾನು ಮಗಳ ಅರ್ಧ ಸಾಲನ್ನು ಮತ್ತೊಮ್ಮೆ ಓದಿ ತಲೆಯಾಡಿಸಿದೆ. ಪರದೆ ಕಪ್ಪಾಯಿತು.

ಹೊರಗೆ ಬಂದಾಗ ಆ ಹೆಂಗಸು ಇನ್ನೂ ಅಲ್ಲೇ ಇದ್ದಳು.

"ಕಂಪ್ಯೂಟರ್ ನಿಂತಿದೆಯಂತೆ ಕಣ್ರೀ, ರಿಪೋರ್ಟ್ ತಡ ಅಂತೆ. ನಿಮ್ಮ ಕೆಲಸ ಆಯ್ತಾ?"

"ಆಯ್ತಮ್ಮ."

ಅವಳು ಮತ್ತೆ ಚೀಲ ಸರಿಸಿದಳು. ನನ್ನ ಬಾಯನ್ನು ದೇವರೇ ಕಾಯಲಿ ಎಂದುಕೊಂಡು ಅವಳ ಪಕ್ಕದಲ್ಲಿ ಕುಳಿತೆ.