ಮೂರ್ಸಂಜಿ ತಂಡದ ಕಾಲ್ಪೆಟ್ಟಿಗೆ

ನಾನು ಕಾಲಿನಿಂದ ತುಳಿದು ಎರಡೂ ಕೈಯಿಂದ ನುಡಿಸುವ ಹಾರ್ಮೋನಿಯಂ. ನಾಟಕದವರು ನನ್ನನ್ನು ಕಾಲ್ಪೆಟ್ಟಿಗೆ ಎನ್ನುತ್ತಿದ್ದರು. ಗದಗಿನ ಒಬ್ಬ ಬಡಿಗ ಸಾಗವಾನಿಯಲ್ಲಿ ನನ್ನ ಮೈ ಮಾಡಿ, ಒಳಗೆ ಸ್ವರ ಹೊರಡಿಸುವ ಹಿತ್ತಾಳೆಯ ನಾಲಗೆಗಳನ್ನು ಕೂರಿಸಿ, ನಾಟಕ ಕಂಪನಿಯ ರುದ್ರಪ್ಪ ಮಾಸ್ತರರಿಗೆ ಒಪ್ಪಿಸಿದ. ಮೈಕನ್ನು ನೆಚ್ಚುವಂತಿರದ ಕಾಲ ಅದು. ಕೊನೆಯ ಸಾಲಿಗೂ ಕೇಳಲೆಂದು ನಟರು ಏರುದನಿಯಲ್ಲಿ ಹಾಡುತ್ತಿದ್ದರು. ಅದಕ್ಕೆ ಮಾಸ್ತರರು ಯಾವಾಗಲೂ ಐದನೇ ಕಪ್ಪು ಮನೆಯನ್ನೇ ಷಡ್ಜ, ಅಂದರೆ ಹಾಡಿನ ‘ಸ’, ಹಿಡಿಯುತ್ತಿದ್ದರು. ಮನೆ ಎಂದರೆ ಬೆರಳು ಒತ್ತುವ ಪಟ್ಟಿ. ಲಾರಿಯ ಮೇಲೆ ಇಪ್ಪತ್ತೆರಡು ವರ್ಷ ಊರೂರು ಅಲೆದೆ. ಕಂಪನಿ ಮುಚ್ಚಿದಾಗ ಹುಬ್ಬಳ್ಳಿಗೆ, ಮಾಸ್ತರರ ಮನೆಗೆ ಬಂದೆ.

ಅವರ ಮಗಳು ಕಸ್ತೂರಿ ನನ್ನ ಮೇಲೆಯೇ ಕಲಿತಳು, ಅದೇ ಐದನೇ ಕಪ್ಪಿನಿಂದ. ಬೇರೆ ಮನೆಯಿಂದ ನುಡಿಸುವುದನ್ನು ತಂದೆ ಕಲಿಸಲಿಲ್ಲ, ಅವಳು ಕೇಳಲೂ ಇಲ್ಲ. ಶಾಲೆಯಲ್ಲಿ ಸಂಗೀತ ಟೀಚರ್ ಆದಳು. ಮಾಸ್ತರರು ತೀರಿಕೊಂಡ ಮೇಲೆ ಸಂಜೆ ಹೊತ್ತು ಒಬ್ಬಳೇ ಕುಳಿತು ನಾಟಕದ ಹಾಡು ನುಡಿಸುತ್ತಿದ್ದಳು.

ಒಂದು ಸಂಜೆ ಮದುವೆಯ ಮೆರವಣಿಗೆ ನಮ್ಮ ಓಣಿಯಲ್ಲಿ ನಿಂತಿತು. ಮದುಮಗನ ಕುದುರೆ ಇನ್ನೂ ಬಂದಿರಲಿಲ್ಲ. ಬ್ಯಾಂಡ್ ಕಂಪನಿಯ ಡ್ರಮ್ಮಿನವನು ಕಿಟಕಿಯ ಬಳಿ ಬಂದು ನನ್ನ ದನಿಗೆ ತಾಳ ಹಾಕಿದ, ಆಮೇಲೆ ಹಾಡಿದ. ಅವನು ಮೌಲಾಲಿ. ಮೊಹರಮ್ಮಿನಲ್ಲಿ ರಿವಾಯತ್ ಪದ ಹಾಡುವ ಮನೆತನ ಅವನದು. ಅಷ್ಟು ಎತ್ತರದ ದನಿಯನ್ನು ಕಂಪನಿ ಬಿಟ್ಟ ಮೇಲೆ ನಾನು ಕೇಳಿರಲಿಲ್ಲ.

“ಅಕ್ಕಾರ, ನಿಮ್ಮ ಪೆಟಗಿ ಮನ್ಯಾಗ ಕುಂತು ಹಾಳಾಗಾಕತ್ತೈತಿ,” ಎಂದ.

“ನಾನೂ ಅಷ್ಟ,” ಎಂದಳು ಕಸ್ತೂರಿ.

ನನ್ನ ಪೆಡಲು ಮುರಿದಾಗ ರಿಪೇರಿಗೆ ಬಂದವನು ಸ್ಯಾಮ್ಸನ್, ರೈಲ್ವೆ ವರ್ಕ್‌ಶಾಪಿನ ಫಿಟ್ಟರ್. ಬೆಟಗೇರಿಯ ಚರ್ಚಿನಲ್ಲಿ ಹಾಡಿ ಬೆಳೆದವನು, ಕ್ಯಾಸೆಟ್ ಕೇಳಿ ಕೇಳಿ ಎಲೆಕ್ಟ್ರಿಕ್ ಗಿಟಾರ್ ಕಲಿತವನು. ಪೆಡಲು ಸರಿ ಮಾಡಿದ ಮೇಲೂ ಅವನು ಬರುವುದು ನಿಲ್ಲಲಿಲ್ಲ. ಬ್ಯಾಂಡ್ ಕಂಪನಿಯ ಖೋಲಿಯಲ್ಲಿ, ಸಾಲಾಗಿ ತೂಗುಹಾಕಿದ ಕೆಂಪು ಕೋಟುಗಳ ನಡುವೆ, ನನ್ನನ್ನೂ ಇಟ್ಟುಕೊಂಡು, ಮೂವರೂ ಮುಸ್ಸಂಜೆಗೆ ಸೇರುತ್ತಿದ್ದರು. ಹಾಗಾಗಿ ತಂಡದ ಹೆಸರು ಮೂರ್ಸಂಜಿ.

ರಿವಾಯತ್ ಪದದ ನಡುವೆ ಕಸ್ತೂರಿ ನಾಟಕದ ಒಂದು ಎಳೆ ಸೇರಿಸುವಳು, ಕೊನೆಗೆ ಸ್ಯಾಮ್ಸನ್‌ನ ಗಿಟಾರ್ ಗುಡುಗುವುದು. ಮೊದಮೊದಲು ಜನ ನಕ್ಕರು. ಆಮೇಲೆ ಕಾಲೇಜುಗಳಿಂದ ಕರೆ ಬಂತು. ಮತ್ತೆ ಟೆಂಪೋದ ತಲೆಯ ಮೇಲೆ ನನ್ನನ್ನು ಹಗ್ಗದಿಂದ ಬಿಗಿದರು. ಹನ್ನೊಂದು ವರ್ಷ ಹೀಗೆ ತಿರುಗಿ ನನ್ನ ಕೀಲುಗಳೆಲ್ಲ ಸಡಿಲಾದವು.

ಮೌಲಾಲಿಯ ಗಂಟಲೂ ದಣಿದಿತ್ತು. ಇನ್ನು ಏರುದನಿಯಲ್ಲಿ ಹಾಡಿದರೆ ಇದ್ದ ದನಿಯೂ ಹೋಗುತ್ತದೆ ಎಂದರು ಡಾಕ್ಟರು.

“ಮೂರನೇ ಕಪ್ಪಿಗೆ ಇಳಸೂಣ್ರಿ ಟೀಚರ. ನಾಕು ಮನಿ ಕೆಳಗ, ಅಷ್ಟ,” ಎಂದ ಸ್ಯಾಮ್ಸನ್. ಗಿಟಾರಿನ ಕುತ್ತಿಗೆಯ ಮೇಲಿನ ಕ್ಲಿಪ್ಪನ್ನು ಸರಿಸಿದರೆ ಅವನ ಕೆಲಸ ಮುಗಿಯಿತು. ಕಸ್ತೂರಿಗೆ ಐವತ್ತನಾಲ್ಕು ವರ್ಷ. ಮೂರನೇ ಕಪ್ಪಿನ ಮೇಲೆ ಸುಣ್ಣದ ಚುಕ್ಕೆ ಇಟ್ಟುಕೊಂಡು, ಬಾಲಪಾಠದವಳ ಹಾಗೆ ತಡವರಿಸುತ್ತ, ಇಪ್ಪತ್ತು ದಿನ ಎಲ್ಲ ಹಾಡುಗಳನ್ನು ಹೊಸದಾಗಿ ಕಲಿತಳು.

ಬೆಳಗಾವಿಯ ಕಾಲೇಜು ಮೈದಾನದಲ್ಲಿ ಮೂರು ಹಾಡು ಸರಿಯಾಗಿಯೇ ಆದವು. ನಾಲ್ಕನೆಯದು ಮಾಸ್ತರರ ಕಾಲದ ಮಟ್ಟು. ಜನ ಕೂಗುತ್ತಿದ್ದರು, ದೀಪ ಅವಳ ಕಣ್ಣಿಗೇ ಹೊಡೆಯುತ್ತಿತ್ತು. ಬೆರಳುಗಳು ಅವಳನ್ನು ಕೇಳದೆ ಐದನೇ ಕಪ್ಪಿನ ಮೇಲೆ ಕುಳಿತವು. ನನಗೆ ಆಗಲೇ ತಿಳಿಯಿತು. ಆದರೆ ಒತ್ತಿದಲ್ಲಿ ನುಡಿಯುವುದು ಬಿಟ್ಟು ನನಗೆ ಬೇರೇನೂ ಬಾರದು.

ಮೌಲಾಲಿ ತಿರುಗಿ ನೋಡಿದ. ತಪ್ಪಿದ್ದು ಅವಳಿಗೆ ಇನ್ನೂ ಗೊತ್ತಾಗಿರಲಿಲ್ಲ. ಕೈ ಎತ್ತಿ ನಿಲ್ಲಿಸಬಹುದಿತ್ತು. ಅವನು ನಿಲ್ಲಿಸದೆ ಅದೇ ಎತ್ತರಕ್ಕೆ ಹಾಡಿದ. ಕೊನೆಯ ಸಾಲಿಗೆ ದನಿ ಹಳೆ ಬಟ್ಟೆಯಂತೆ ಹರಿಯಿತು. ಅದೂ ಹಾಡಿನ ಭಾಗವೆಂದುಕೊಂಡು ಜನ ಚಪ್ಪಾಳೆ ತಟ್ಟಿದರು.

“ಯಾಕ ನಿಲ್ಲಸಲಿಲ್ಲ?” ಎಂದು ಕಸ್ತೂರಿ ವೇದಿಕೆಯ ಹಿಂದೆ ಕೇಳಿದಳು.

“ಅಷ್ಟು ಮಂದಿ ಮುಂದ ನಿಮ್ಮನ್ನ ಹೆಂಗ ನಿಲ್ಲಸ್ಲಿ, ಅಕ್ಕಾರ,” ಎಂದ. ಬರೀ ಉಸಿರಿನಲ್ಲಿ ಬಂದ ಮಾತು. ದನಿ ಮತ್ತೆ ಮರಳಲಿಲ್ಲ.

ಕಸ್ತೂರಿ ನನ್ನನ್ನು ಮನೆಗೆ ತಂದು ಮುಚ್ಚಳ ಹಾಕಿದಳು. ನಾಲ್ಕು ತಿಂಗಳು ಯಾರೂ ಅದನ್ನು ತೆರೆಯಲಿಲ್ಲ. ಒಂದು ದಿನ ಮೌಲಾಲಿಯೇ ಬಂದು ಅವಳ ಮುಂದೆ ನೆಲದ ಮೇಲೆ ಕುಳಿತ.

“ಪದ ನನ್ನ ಹತ್ರ ಅದಾವು, ದನಿ ನಿಮ್ಮ ಹತ್ರ ಐತಿ. ಕಲೀರಿ.”

“ನಾ ಹಾಡೂಕಿ ಅಲ್ಲೋ.”

“ನಾನೂ ಸುಮ್ನ ಕುಂದ್ರಾವ ಅಲ್ರಿ. ಆದ್ರೂ ಕುಂತೇನಿ.”

ಅವನು ಪಿಸುಗುಟ್ಟಿದ ಸಾಲುಗಳನ್ನು ಅವಳು ಒಂದೊಂದಾಗಿ ಹಾಡಿದಳು, ಅಳುತ್ತಲೇ. ಈಗ ವೇದಿಕೆಯಲ್ಲಿ ಹಾಡುವವಳು ಅವಳು, ಡ್ರಮ್ ಅವನದು. ತುಳಿಯಲು ಅವಳ ಮೊಣಕಾಲು ಒಪ್ಪದ ಕಾರಣ ನನ್ನ ಜಾಗಕ್ಕೆ ಕೀಬೋರ್ಡ್ ಬಂದಿದೆ. ಸ್ಯಾಮ್ಸನ್‌ನ ಹೆಂಡತಿ ನುಡಿಸುತ್ತಾಳೆ.

ನಾನೀಗ ಬ್ಯಾಂಡ್ ಖೋಲಿಯ ಮೂಲೆಯಲ್ಲಿದ್ದೇನೆ. ಗಾಳಿ ತುಂಬುವ ತಿದಿಯನ್ನು ಇಲಿ ಕಡಿದಿದೆ. ಕೀಬೋರ್ಡಿನ ಮೇಲೆ ನನಗೆ ಸಿಟ್ಟಿಲ್ಲ, ಸಾಕಾಗಿದೆ. ಒಂದು ಮಾತು ಮಾತ್ರ ಮನಸ್ಸಿನಿಂದ ಹೋಗುವುದಿಲ್ಲ. ಮಳೆಗಾಲದ ತೇವಕ್ಕೆ ನನ್ನ ನಾಲಗೆ ಎಷ್ಟೋ ಸಲ ಕಟ್ಟಿಕೊಂಡಿದೆ, ದನಿಯೇ ಹೊರಡದೆ ಎಲ್ಲರಿಂದ ಬೈಸಿಕೊಂಡಿದ್ದೇನೆ. ಬೆಳಗಾವಿಯಲ್ಲಿ ಆ ಸಂಜೆ ಒಮ್ಮೆ ಕಟ್ಟಿಕೊಂಡಿದ್ದರೆ ಸಾಕಿತ್ತು. ಅವತ್ತು ನಾನು ಬಹಳ ಚೆನ್ನಾಗಿ ನುಡಿದೆ.